ಚಿತ್ರಗಳಿಗಾಗಿ ಕಟ್ಟಿದ ಹಜಾರ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಸಾಲ್ಸ್‌ಬರಿ ಊರಿನ ಹತ್ತಿರ ವಿಲ್ಟನ್ ಹೌಸ್ ಅಂತ ಒಂದು ದೊಡ್ಡ ಬಂಗಲೆ ಇದೆ. ಪೆಂಬ್ರೋಕ್ ಅರ್ಲ್‌ಗಳ ಮನೆತನದ್ದು; ಅರ್ಲ್ ಅಂದರೆ ಅಲ್ಲಿನ ಒಂದು ಶ್ರೀಮಂತ ಪದವಿ. 1647ರಲ್ಲಿ ಬೆಂಕಿ ಬಿದ್ದು ಅದರ ದಕ್ಷಿಣದ ಭಾಗ ಸುಟ್ಟುಹೋಯಿತು. ಇನಿಗೊ ಜೋನ್ಸ್, ಜಾನ್ ವೆಬ್ ಸೇರಿ ಅದಕ್ಕೆ ಹೊಸ ನಕ್ಷೆ ಹಾಕಿದರು. ಆಗ ಎದ್ದದ್ದೇ ಡಬಲ್ ಕ್ಯೂಬ್ ಹಜಾರ. 60 ಅಡಿ ಉದ್ದ, 30 ಅಡಿ ಅಗಲ, 30 ಅಡಿ ಎತ್ತರ, ಅಂದರೆ ಎರಡು ಘನಗಳನ್ನು ಜೋಡಿಸಿದ ಹಾಗೆ.

ಗೋಡೆಗೆಲ್ಲ ಬಿಳಿ ಬಣ್ಣದ ಮರದ ಹಲಗೆ. ಅದರ ಮೇಲೆ ಹೂವು, ಹಣ್ಣುಗಳ ಗೊಂಚಲು ಕೆತ್ತಿ ಚಿನ್ನದ ಲೇಪ ಕೊಟ್ಟಿದ್ದಾರೆ. ಕೆಂಪು ಮಖಮಲ್ಲಿನ ಸೋಫಾ, ಕುರ್ಚಿಗಳಿಗೂ ಅದೇ ಚಿನ್ನದ ಮೆರುಗು. ವಿಲಿಯಂ ಕೆಂಟ್, ಥಾಮಸ್ ಚಿಪ್ಪೆಂಡೇಲ್ ಅವರ ಹೆಸರು ಹೊತ್ತ ಈ ಪೀಠೋಪಕರಣ ಬಂದದ್ದು 18ನೇ ಶತಮಾನದಲ್ಲಿ. ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಸಹಜ. ಆದರೆ ಹಜಾರ ಕಟ್ಟಿಸಿದ್ದು ಚಿತ್ರಕಾರ ವ್ಯಾನ್ ಡೈಕ್ ಬರೆದ ಮನೆಯವರ ಚಿತ್ರಗಳನ್ನು ತೂಗುಹಾಕಲು. ಅದರಲ್ಲಿ ಒಂದಂತೂ ಸುಮಾರು 17 ಅಡಿ ಅಗಲ, 11 ಅಡಿ ಎತ್ತರ!

1635ರ ಹೊತ್ತಿನ ಚಿತ್ರ ಅದು. ನಡುವೆ ಕಪ್ಪು ಉಡುಪಿನ ನಾಲ್ಕನೇ ಅರ್ಲ್ ಫಿಲಿಪ್ ಹರ್ಬರ್ಟ್. ಸುತ್ತ ಗಂಡುಮಕ್ಕಳು, ಮಗಳು, ಅಳಿಯ. ಮುಂದೆ ಬಿಳಿ ಸ್ಯಾಟಿನ್ ಉಟ್ಟ ಹುಡುಗಿ ಮೇರಿ ವಿಲಿಯರ್ಸ್, ಮನೆಯ ಹೊಸ ಸೊಸೆ. ಮದುವೆಯ ಸಂಭ್ರಮ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ಮೇಲೆ, ಎಡಗಡೆ ಮೋಡಗಳತ್ತ ನೋಡಿ. ಅಲ್ಲಿ ಮೂರು ಪುಟ್ಟ ದೇವದೂತರು ಹಾರುತ್ತಿದ್ದಾರೆ. ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಈ ಮನೆಯ ಮಕ್ಕಳು ಅವರು. ತೀರಿಹೋದವರನ್ನೂ ಬಿಟ್ಟಿಲ್ಲ. ಮದುಮಗ ಚಾರ್ಲ್ಸ್ ಕೂಡ ಹೆಚ್ಚು ದಿನ ಬದುಕಲಿಲ್ಲ. 1636ರಲ್ಲಿ ಫ್ಲಾರೆನ್ಸ್‌ನಲ್ಲಿ ಸಿಡುಬು ಬಂದು ಹೋದ. ಮೇರಿಗೆ ಮರುವರ್ಷ ಬೇರೆ ಮದುವೆಯಾಯಿತು.

ನನ್ನ ಕಣ್ಣು ನಿಲ್ಲುವುದು ಅರ್ಲ್ ಪಕ್ಕದಲ್ಲಿ ಕೂತ ಹೆಂಗಸಿನ ಮೇಲೆ. ಎರಡನೇ ಹೆಂಡತಿ ಆನ್ ಕ್ಲಿಫರ್ಡ್. ಈ ಮಕ್ಕಳು ಯಾರೂ ಆಕೆ ಹೆತ್ತವರಲ್ಲ. ಚಿತ್ರ ಬರೆಯುವ ಹೊತ್ತಿಗೆ ಗಂಡ ಹೆಂಡತಿ ನಡುವೆ ಬಿರುಕು ಬಿದ್ದಿತ್ತು. ಕೈಕಟ್ಟಿ, ಎತ್ತಲೋ ನೋಡುತ್ತ ಕೂತಿದ್ದಾಳೆ. ವ್ಯಾನ್ ಡೈಕ್ ಅದನ್ನು ಮುಚ್ಚಿಡಲಿಲ್ಲ, ಅದೇ ಅವನ ದೊಡ್ಡತನ. ತಂದೆಯ ಆಸ್ತಿಗಾಗಿ ಆಕೆ ಸುಮಾರು ನಾಲ್ಕು ದಶಕ ಹೋರಾಡಿದಳು. 1643ರಲ್ಲಿ ಅದು ಕೈಗೆ ಬಂತು. ಆಮೇಲೆ ಉತ್ತರಕ್ಕೆ ಹೋಗಿ ಪಾಳುಬಿದ್ದ ಕೋಟೆಗಳನ್ನು ರಿಪೇರಿ ಮಾಡಿಸಿ, ತನ್ನ ನೆಲದಲ್ಲಿ ತಾನೇ ಯಜಮಾನಿಯಾಗಿ, 86ನೇ ವಯಸ್ಸಿನವರೆಗೂ ಬಾಳಿದಳು.