ಸಂತೆಯಲ್ಲಿ ನಿದ್ದೆ ಹೋದವನ ಕಥೆ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲೆ ನಿದ್ದೆಯ ಬಗ್ಗೆ ಮಾತಾಡಲು ಕರೆದಿದ್ದೀರಿ. ಯಾರಾದರೂ ತೂಕಡಿಸಿದರೆ ನನಗೇನೂ ಬೇಜಾರಿಲ್ಲ. ಆದರೆ ಪಕ್ಕದಲ್ಲಿ ಕೂತವರು ಗೊರಕೆ ಬರುತ್ತಾ ಅಂತ ಸ್ವಲ್ಪ ಗಮನಿಸಿ.

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಅಂತ ಗಾದೆ ಇದೆ. ಅದು ಅರ್ಧ ನಿಜ. ಬಸ್ಸಿನಲ್ಲಿ, ಮದುವೆ ಮನೆಯ ಕುರ್ಚಿಯಲ್ಲಿ, ಕೂತಲ್ಲೇ ನಿದ್ದೆ ಹೋಗುವವನನ್ನು ಪುಣ್ಯವಂತ ಅಂದುಕೊಳ್ಳಬೇಡಿ. ಎಷ್ಟೋ ಸಲ ಅವನಿಗೆ ರಾತ್ರಿ ಸರಿಯಾಗಿ ನಿದ್ದೆಯೇ ಆಗಿರುವುದಿಲ್ಲ.

ನಮ್ಮ ಸೋದರಮಾವ ಹಾಗೇ ಇದ್ದರು. ಜಗಲಿಯಲ್ಲಿ ಮಲಗಿದರೆ ಗೊರಕೆ ಹಿತ್ತಲಿಗೆ ಕೇಳುತ್ತಿತ್ತು. 'ಎಂಥಾ ನಿದ್ದೆ ನೋಡು' ಅಂತ ಅಜ್ಜಿ ಹೊಟ್ಟೆಕಿಚ್ಚು ಪಡುತ್ತಿದ್ದರು. ಒಂದು ರಾತ್ರಿ ಅವರ ಪಕ್ಕ ಮಲಗಿದ್ದೆ. ಗೊರಕೆ ನಿಂತಿದ್ದಕ್ಕೇ ನನಗೆ ಎಚ್ಚರವಾಯಿತು. ಹೊಟ್ಟೆ ಎದೆ ಎಲ್ಲ ಏರಿಳಿಯುತ್ತಿವೆ, ಉಸಿರು ಮಾತ್ರ ಇಲ್ಲ. ಆಮೇಲೆ ಗಕ್ಕಂತ ಒಂದು ಸದ್ದು, ಮತ್ತೆ ಗೊರಕೆ ಶುರು.

ಇದೇ ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. 10 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಉಸಿರು ನಿಂತರೆ ಒಂದು ಸಲ ಅಂತ ಲೆಕ್ಕ. ಗಂಟೆಗೆ 30 ಸಲ ದಾಟಿದರೆ ಕಾಯಿಲೆ ಜೋರಾಗಿದೆ ಅಂತ ಅರ್ಥ. ಪ್ರತಿ ಸಲವೂ ಮೆದುಳು ತಟ್ಟಿ ಎಬ್ಬಿಸುತ್ತದೆ. ಬೆಳಿಗ್ಗೆ ಅದೊಂದೂ ನೆನಪಿರುವುದಿಲ್ಲ, ತಲೆ ಮಾತ್ರ ಭಾರ. ಬಿಪಿ ಏರುತ್ತದೆ, ಹೃದಯಕ್ಕೆ ಪೆಟ್ಟು. ಸ್ಟೇರಿಂಗ್ ಹಿಡಿದವರಾದರೆ ಇನ್ನೂ ಅಪಾಯ.

ಪರೀಕ್ಷೆಗೆ ಸಾಮಾನ್ಯವಾಗಿ ಸ್ಲೀಪ್ ಲ್ಯಾಬ್‌ನಲ್ಲಿ ಒಂದು ರಾತ್ರಿ ಮಲಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥ ಲ್ಯಾಬ್ ಇದೆ. ತೂಕ ಇಳಿಸಿದರೆ, ಮಗ್ಗುಲಾಗಿ ಮಲಗಿದರೆ ಕೆಲವರಿಗೆ ಗುಣ ಕಾಣುತ್ತದೆ. ಜೋರಾಗಿದ್ದರೆ ಸಿಪ್ಯಾಪ್ ಮೆಷಿನ್. ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು.

ಇನ್ನು ಗಾದೆಯ ಇನ್ನೊಂದು ಕಡೆ, ಚಿಂತೆ. ವಾರಕ್ಕೆ 3 ರಾತ್ರಿಯಾದರೂ ನಿದ್ದೆಗೆಟ್ಟು, ಅದು 3 ತಿಂಗಳು ಎಳೆದರೆ ಹಳೇ ನಿದ್ರಾಹೀನತೆ ಅನ್ನುತ್ತೇವೆ. ಶುರುವಾಗಿದ್ದು ಮಗಳ ಮದುವೆಯ ಚಿಂತೆಯಿಂದ ಇರಬಹುದು. ಮದುವೆ ಮುಗಿದು ಮೊಮ್ಮಗು ಬಂದರೂ ನಿದ್ದೆ ಮಾತ್ರ ವಾಪಸ್ ಬಂದಿರುವುದಿಲ್ಲ. ಯಾಕೆಂದರೆ ಈಗ ನಿದ್ದೆಯದ್ದೇ ಚಿಂತೆ! ಹಾಸಿಗೆ ನೋಡಿದರೆ ಸಾಕು, ಮೈಗೆ ಎಚ್ಚರವಾಗುವ ಅಭ್ಯಾಸ ಆಗಿಬಿಟ್ಟಿರುತ್ತದೆ.

ಅದಕ್ಕೆ ಮದ್ದು ವಿಚಿತ್ರವಾಗಿದೆ. ನಿದ್ದೆ ಬರದಿದ್ದರೆ ಹೊರಳಾಡಬೇಡಿ, ಎದ್ದು ಬನ್ನಿ. ಮಂದ ಬೆಳಕಲ್ಲಿ ಸುಮ್ನೆ ಕೂತು, ಕಣ್ಣು ಎಳೆದಾಗ ಮಾತ್ರ ಮತ್ತೆ ಮಲಗಿ. ಗಡಿಯಾರ ನೋಡಬೇಡಿ. ರಾತ್ರಿ ಎಷ್ಟೇ ಕೆಟ್ಟರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು, ಭಾನುವಾರವೂ! ನನ್ನನ್ನು ಕೇಳಿದರೆ, ಮಲಗುವ ಹೊತ್ತಿಗಿಂತ ಏಳುವ ಹೊತ್ತೇ ಮುಖ್ಯ.

ಕಾಫಿ ವಿಷಯ ಹೇಳಿದರೆ ನನ್ನನ್ನು ಮತ್ತೆ ಕರೆಯುತ್ತೀರೋ ಇಲ್ಲವೋ. ಸಂಜೆ 5ಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನು ರಾತ್ರಿ 10ಕ್ಕೂ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ. 'ಒಂದು ಪೆಗ್ ಹಾಕಿದರೆ ಒಳ್ಳೇ ನಿದ್ದೆ' ಅನ್ನುವವರಿಗೆ ಒಂದು ಮಾತು: ನಿದ್ದೆ ಬೇಗ ಹತ್ತುತ್ತದೆ, ನಡುರಾತ್ರಿ ಒಡೆಯುತ್ತದೆ. ಗೊರಕೆಯೂ ಜಾಸ್ತಿ ಆಗುತ್ತದೆ.

ಸಂಜೆಯಾದರೆ ಕಾಲು ಆಡಿಸದೆ ಇರಲಾಗದವರು ರಕ್ತದಲ್ಲಿ ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ, ಅದು ಕಡಿಮೆಯಾದರೂ ಹೀಗಾಗಬಹುದು. ಎಚ್ಚರವಾದರೂ ಕೈಕಾಲು ಆಡದೆ, ಎದೆ ಮೇಲೆ ಯಾರೋ ಕೂತ ಹಾಗಾದರೆ ಅದು ದೆವ್ವ ಅಲ್ಲ. ಕನಸಿನ ಹೊತ್ತಲ್ಲಿ ಮೆದುಳು ಮೈಯನ್ನು ಕಟ್ಟಿಹಾಕಿರುತ್ತದೆ, ಬಿಡಿಸುವುದು ಸ್ವಲ್ಪ ತಡವಾಗಿದೆ ಅಷ್ಟೇ.

ನಮ್ಮ ಮಾವನಿಗೆ ಕೊನೆಗೂ ಮೆಷಿನ್ ಬಂತು. ಮೊದಲ ರಾತ್ರಿ ಅತ್ತೆಗೆ ಕಣ್ಣು ಮುಚ್ಚಲಾಗಲಿಲ್ಲವಂತೆ. ಸದ್ದೇ ಇಲ್ಲ, ಜೀವ ಇದೆಯೋ ಇಲ್ಲವೋ ಅಂತ ಎದ್ದೆದ್ದು ಎದೆ ಮೇಲೆ ಕೈ ಇಟ್ಟು ನೋಡಿದರಂತೆ.

ಈಗ ಪ್ರಶ್ನೆ ಕೇಳಿ. ಎಚ್ಚರ ಇರುವವರು ಮೊದಲು.