ಐದು ಅಕ್ಷರ, ಕೊನೆಯಲ್ಲಿ ಯು

ಮೊದಲು ಒಂದು ಸಣ್ಣ ಆಟ. ಐದೇ ಅಕ್ಷರದ ಒಂದು ಇಂಗ್ಲಿಷ್ ಪದ ಹೇಳಿ, ಕೊನೆಯ ಅಕ್ಷರ ಯು ಆಗಿರಬೇಕು. ಬೇಕಿದ್ದರೆ ವಿಡಿಯೊ ನಿಲ್ಲಿಸಿ ಯೋಚಿಸಿ.

ಮೆನು ಅಂದಿರಾ? ಅದು ನಾಲ್ಕೇ ಅಕ್ಷರ. ಎಮು, ಫ್ಲೂ, ಯೂ ಎಲ್ಲ ಮೂರು. ಕೊನೆಗೆ ಇ ಅಥವಾ ವೈ ಇರಲಿ ಅಂದಿದ್ದರೆ ಪಟಪಟ ಅಂತ ಹೇಳುತ್ತಾ ಹೋಗಬಹುದಿತ್ತು. ಯು ಅಂದ ತಕ್ಷಣ ಬಾಯಿ ಕಟ್ಟುತ್ತದೆ.

ಅದಕ್ಕೆ ಕಾರಣ ನಮ್ಮ ಶಬ್ದಭಂಡಾರ ಚಿಕ್ಕದು ಅಂತಲ್ಲ. ಇಂಗ್ಲಿಷ್‌ಗೇ ತನ್ನ ಪದಗಳನ್ನು ಯು ಅಕ್ಷರದಲ್ಲಿ ಮುಗಿಸುವುದು ಇಷ್ಟವಿಲ್ಲ. ನಮ್ಮದು ಇದಕ್ಕೆ ಪೂರ್ತಿ ಉಲ್ಟಾ, ನೋಡಿ. ಇಂಗ್ಲಿಷಿನ ಬಸ್ ನಮ್ಮ ಬಾಯಲ್ಲಿ ಬಸ್ಸು, ಪೆನ್ ಪೆನ್ನು, ಕಾರ್ ಕಾರು. ಕೊನೆಗೊಂದು ಉ ಹಚ್ಚದೆ ನಮಗೆ ಸಮಾಧಾನವೇ ಇಲ್ಲ.

ಇಂಗ್ಲಿಷಿನ ಈ ಹಟಕ್ಕೆ ಹಳೆಯ ಕಥೆ ಇದೆ. ಒಂದು ಕಾಲದಲ್ಲಿ ಯು ಮತ್ತು ವಿ ಎರಡು ಬೇರೆ ಅಕ್ಷರಗಳೇ ಆಗಿರಲಿಲ್ಲ. ಒಂದೇ ಅಕ್ಷರದ ಎರಡು ರೂಪ. ಪದದ ಮೊದಲಿಗೆ ಬಂದರೆ ವಿ ಆಕಾರ, ನಡುವೆ ಬಂದರೆ ಯು ಆಕಾರ. 1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್ ನಾಟಕಗಳ ದೊಡ್ಡ ಸಂಪುಟದಲ್ಲಿ ಲವ್ ಅನ್ನುವ ಪದ ಎಲ್-ಓ-ಯು-ಇ ಅಂತಲೇ ಇದೆ. ಆ ಕೊನೆಯ ಇ ತೆಗೆದರೆ ಏನಾಗುತ್ತದೆ? ಲವ್ ಅಂತ ಓದಬೇಕೋ, ಲೌ ಅಂತ ಓದಬೇಕೋ ಗೊತ್ತಾಗುವುದಿಲ್ಲ. ಅದಕ್ಕೇ ಕೊನೆಗೊಂದು ಇ ಕಾವಲಿಗೆ ನಿಂತಿತು. ಆಮೇಲೆ ಯು ಮತ್ತು ವಿ ಬೇರೆಯಾದವು, ಆದರೆ ಆ ಇ ಮಾತ್ರ ಜಾಗ ಬಿಡಲಿಲ್ಲ. ಹ್ಯಾವ್, ಗಿವ್, ಲವ್, ಬ್ಲೂ, ಟ್ರೂ, ಎಲ್ಲದರಲ್ಲೂ ಇವತ್ತಿಗೂ ಇದೆ. ಯೂ ಮತ್ತು ನೀನು ಅನ್ನುವ ಅರ್ಥದ ಹಳೆಯ ದೌ ಹೇಗೋ ತಪ್ಪಿಸಿಕೊಂಡವು.

ಹಾಗಾಗಿ ಐದಕ್ಷರದ ಪದವೊಂದು ಯು ಇಟ್ಟುಕೊಂಡು ಬಂದರೆ, ಅದು ಹೊರಗಿನಿಂದ ಬಂದಿದ್ದು ಅಂತ ಹೆಚ್ಚುಕಮ್ಮಿ ಕಣ್ಣು ಮುಚ್ಚಿ ಹೇಳಬಹುದು. ನನಗೆ ಈ ಪದಗಳ ಮೇಲೆ ಪ್ರೀತಿ ಹುಟ್ಟಿದ್ದೇ ಇದಕ್ಕೆ. ಒಂದೊಂದರ ಹಿಂದೆಯೂ ಒಂದು ಪ್ರಯಾಣ.

ಎಲ್ಲರಿಗೂ ಗೊತ್ತಿರುವುದು ಅಡ್ಯೂ. ಎ-ಡಿ-ಐ-ಇ-ಯು. ಫ್ರೆಂಚಿನ ವಿದಾಯದ ಮಾತು. ವರ್ಡಲ್, ಅಂದರೆ ಐದಕ್ಷರದ ಗುಟ್ಟಿನ ಪದ ಊಹಿಸುವ ಆನ್‌ಲೈನ್ ಆಟ, ಆಡುವವರು ಎಷ್ಟೋ ಜನ ಇದರಿಂದಲೇ ಶುರು ಮಾಡುತ್ತಾರೆ, ಒಂದೇ ಏಟಿಗೆ ನಾಲ್ಕು ಸ್ವರ ಸಿಗುತ್ತವೆ ಅಂತ. ನನಗೇನೋ ಇದು ಅಷ್ಟು ಜಾಣ ಆಟ ಅನ್ನಿಸುವುದಿಲ್ಲ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಮನೆ ಹಸಿರಾಗುತ್ತದೆ, ಆದರೆ ಕೊನೆಯ ಮನೆಯಲ್ಲಿ ಯು ಹಸಿರಾಗುವುದು ತೀರಾ ಅಪರೂಪ, ಆ ಜಾಗ ಸುಮ್ನೆ ದಂಡ. ಆರ್, ಎನ್, ಎಸ್ ಥರದ ವ್ಯಂಜನಗಳೇ ಪದದ ಗುಟ್ಟು ಜಾಸ್ತಿ ಬಿಟ್ಟುಕೊಡುತ್ತವೆ.

ಫ್ರೆಂಚ್ ದಾರಿಯಲ್ಲಿ ಬಂದವು ಇನ್ನೂ ಇವೆ. ಬೀಜೂ ಅಂದರೆ ಪುಟ್ಟದಾಗಿ, ಮುದ್ದಾಗಿ ಇರುವುದು. ಅದರ ಬೇರು ಫ್ರಾನ್ಸಿನದೇ ಇನ್ನೊಂದು ಭಾಷೆಯಾದ ಬ್ರೆಟನ್‌ನಲ್ಲಿದೆ, ಅಲ್ಲಿ ಅದು ಬೆರಳಿನ ಉಂಗುರ. ಬಾಯೂ ಅಂದರೆ ಅಮೆರಿಕದ ಲೂಸಿಯಾನಾ ಕಡೆಯ ಜೌಗು ಹೊಳೆ. ಮೂಲ ನಿವಾಸಿಗಳಾದ ಚಾಕ್ಟಾ ಜನರ ಮಾತು, ಅಲ್ಲಿನ ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂತು.

ಇನ್ನು ನನ್ನ ಮೆಚ್ಚಿನದು. ಕಡ್ಜು. ಕೆ-ಯು-ಡಿ-ಝೆಡ್-ಯು. ಇದೊಂದು ಬಳ್ಳಿ, ಜಪಾನಿನಲ್ಲಿ ಕುಜು ಅನ್ನುತ್ತಾರೆ. 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ಪ್ರದರ್ಶನದಲ್ಲಿ ಜಪಾನಿನವರು ಇದನ್ನು ಅಮೆರಿಕಕ್ಕೆ ತೋರಿಸಿದರು. ನೋಡೋಕೆ ಚೆಂದ, ಒಳ್ಳೆ ನೆರಳು. 1930ರ ದಶಕದಲ್ಲಿ ಮಣ್ಣು ಕೊಚ್ಚಿ ಹೋಗುವುದನ್ನು ತಡೆಯಲು ಅಲ್ಲಿನ ಸರ್ಕಾರವೇ ಸಸಿ ಹಂಚಿತು. ನೆಟ್ಟ ರೈತರಿಗೆ ಎಕರೆಗೆ 8 ಡಾಲರ್‌ವರೆಗೆ ಕೊಟ್ಟಿತು ಕೂಡ. ಆಮೇಲೆ ನೋಡಿ ಮಜಾ. ಬೇಸಿಗೆಯಲ್ಲಿ ದಿನಕ್ಕೆ ಒಂದಡಿಯಷ್ಟು ಬೆಳೆಯುವ ಬಳ್ಳಿ ಅದು. ಮರ, ಕಂಬ, ಪಾಳುಬಿದ್ದ ಮನೆ, ಸಿಕ್ಕಿದ್ದನ್ನೆಲ್ಲ ಮುಚ್ಚಿಕೊಂಡು ಹೋಯಿತು. ದಕ್ಷಿಣ ರಾಜ್ಯಗಳನ್ನೇ ನುಂಗಿದ ಬಳ್ಳಿ ಅಂತ ಹೆಸರಾಯಿತು. ದುಡ್ಡು ಕೊಟ್ಟು ನೆಡಿಸಿದ ಸರ್ಕಾರವೇ 1970ರಲ್ಲಿ ಇದನ್ನು ಕಳೆ ಅಂತ ಪಟ್ಟಿಗೆ ಸೇರಿಸಿತು!

ಇದೇ ಕಥೆಗೆ ಪ್ರಾಣಿಯ ರೂಪ ಕೊಟ್ಟರೆ ಕಾಯ್ಪು. ಸಿ-ಓ-ವೈ-ಪಿ-ಯು. ದಕ್ಷಿಣ ಅಮೆರಿಕದ, ನೀರಲ್ಲಿ ಈಜುವ ದೊಡ್ಡ ದಂಶಕ. ಹಲ್ಲು ಕಿತ್ತಳೆ ಬಣ್ಣ. ಹೆಸರು ಕೊಟ್ಟವರು ಚಿಲಿ ಕಡೆಯ ಮಾಪುಚೆ ಜನ. ತುಪ್ಪಳಕ್ಕಾಗಿ ಸಾಕೋಣ ಅಂತ 1929ರಲ್ಲಿ ಬ್ರಿಟನ್ನಿಗೆ ತಂದರು. ಅವು ಬೇಲಿಯೊಳಗೆ ಸುಮ್ಮನಿರುತ್ತವಾ? ತಪ್ಪಿಸಿಕೊಂಡು ಪೂರ್ವ ಇಂಗ್ಲೆಂಡಿನ ನದಿದಂಡೆಗಳನ್ನೆಲ್ಲ ಕೊರೆದವು, ಹೊಲಕ್ಕೂ ನುಗ್ಗಿದವು. ವರ್ಷಗಟ್ಟಲೆ ಬೋನಿಟ್ಟು ಹಿಡಿದು, 1989ರಲ್ಲಿ ಇನ್ನು ಒಂದೂ ಉಳಿದಿಲ್ಲ ಅಂತ ಘೋಷಿಸಿದರು. ಪ್ರಾಣಿ ಹೋಯಿತು, ಪದ ನಿಘಂಟಿನಲ್ಲೇ ಉಳಿಯಿತು.

ಕೀಪು ಕೇಳಿದ್ದೀರಾ? ಇಂಗ್ಲಿಷಿನಲ್ಲಿ ಕ್ಯೂ-ಯು-ಐ-ಪಿ-ಯು. ದಕ್ಷಿಣ ಅಮೆರಿಕದ ಹಳೆಯ ಇಂಕಾ ಸಾಮ್ರಾಜ್ಯದವರು ಕಾಗದದ ಮೇಲೆ ಬರೆಯುತ್ತಿರಲಿಲ್ಲ, ದಾರಗಳಲ್ಲಿ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಆ ಗಂಟುಗಳ ಗೊಂಚಲೇ ಕೀಪು. ಗಂಟು ಯಾವ ಎತ್ತರದಲ್ಲಿದೆ ಅನ್ನುವುದರ ಮೇಲೆ ಬಿಡಿ, ಹತ್ತು, ನೂರು ಅಂತ ಬೆಲೆ ಬದಲಾಗುತ್ತದೆ. ಇದನ್ನು 1912ರಲ್ಲಿ ಲೆಲ್ಯಾಂಡ್ ಲಾಕ್ ಅನ್ನುವ ಅಮೆರಿಕದ ಸಂಶೋಧಕ ಬಿಡಿಸಿ ತೋರಿಸಿದ. ಈಗ ಕೆ-ಎಚ್-ಐ-ಪಿ-ಯು ಅಂತಲೂ ಬರೆಯುತ್ತಾರೆ. ಎಣಿಸಿ ನೋಡಿ, ಅದೂ ಐದೇ! ಕಾಗುಣಿತ ಬದಲಾದರೂ ನಮ್ಮ ಪಟ್ಟಿಯಿಂದ ಜಾರುವುದಿಲ್ಲ.

ಹೈಕು ವಿಷಯದಲ್ಲೂ ಇಂಥದ್ದೇ ತಮಾಷೆ ಇದೆ. ಆ ಪುಟ್ಟ ಪದ್ಯವನ್ನು ಹಿಂದೆ ಹೊಕ್ಕು ಅನ್ನುತ್ತಿದ್ದರು. ಹೈಕು ಅನ್ನುವ ಹೆಸರನ್ನು ಹತ್ತೊಂಬತ್ತನೇ ಶತಮಾನದ ಕೊನೆಗೆ ಗಟ್ಟಿ ಮಾಡಿದವನು ಕವಿ ಮಸಾವೊಕಾ ಶಿಕಿ. ಹಳೆಯದಕ್ಕೂ ಹೊಸದಕ್ಕೂ ಐದೈದೇ ಅಕ್ಷರ, ಕೊನೆಯಲ್ಲಿ ಯು.

ಇಷ್ಟು ಹೊತ್ತು ಎಲ್ಲವೂ ಹೊರಗಿನವು ಅಂದೆ. ಒಂದು ಪದ ಮಾತ್ರ ಈ ಮಾತಿಗೆ ಜಗ್ಗುವುದಿಲ್ಲ. ಸ್ನಾಫೂ. ಎಸ್-ಎನ್-ಎ-ಎಫ್-ಯು. ಇದು ಅಪ್ಪಟ ಇಂಗ್ಲಿಷ್. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನಿಕರು ಕಟ್ಟಿದ್ದು. ಪರಿಸ್ಥಿತಿ ಎಂದಿನಂತೆಯೇ ಇದೆ, ಎಲ್ಲ ಎಕ್ಕುಟ್ಟಿ ಹೋಗಿದೆ ಅನ್ನುವ ಅರ್ಥದ ಐದು ಪದಗಳ ಮೊದಲಕ್ಷರ ಜೋಡಿಸಿದರು, ಅಷ್ಟೇ. ನಾಲ್ಕನೆಯ ಪದ ಬೈಗುಳ, ಅದನ್ನು ನಾನು ಹೇಳುವುದಿಲ್ಲ. ಐದನೆಯದು ಅಪ್, ಹಾಗಾಗಿ ಕೊನೆಗೆ ಯು ಬಂದು ಕೂತಿತು. ಕಾಗುಣಿತದ ನಿಯಮ ಯಾರೂ ಕೇಳಲಿಲ್ಲ. ಯುದ್ಧಭೂಮಿಯಲ್ಲಿ ಯಾರು ಕೇಳುತ್ತಾರೆ, ಅಲ್ವಾ?