ತೂಕ ನೋಡಿ, ಆಮೇಲೆ ಹಾರಿಸಿ

ನಮಸ್ಕಾರ. ಅಡುಗೆ ಮನೇಲಿ ರೇಡಿಯೋ ಹಚ್ಚಿಟ್ಟಿರುವ ಅಕ್ಕಂದಿರೇ, ಮಗನೋ ಅಳಿಯನೋ ಗಲ್ಫಿನಲ್ಲಿರುವ ಹಿರಿಯರೇ, ನಾನು ಅಬುಧಾಬಿಯಲ್ಲಿ 12 ವರ್ಷ ಗಿಡುಗ ಪಳಗಿಸುವ ಕೆಲಸ ಮಾಡಿದವನು. ಊರಿಗೆ ಬಂದಾಗೆಲ್ಲ ಜನ ಕೇಳುವುದು ಒಂದೇ, "ಅದಕ್ಕೆ ನಿಮ್ಮ ಮೇಲೆ ಪ್ರೀತಿ ಇರುತ್ತಾ?" ಇಲ್ಲ. ಅದೇನು ನಾಯಿ ಅಲ್ಲವಲ್ಲ. ಕೈಗೆ ಬರುವುದು ಊಟಕ್ಕೆ. ಹೊಟ್ಟೆ ತುಂಬಿದ್ದರೆ ನೀವ್ಯಾರೋ, ಅದ್ಯಾರೋ. ಅದಕ್ಕೇ ಹೇಳುವುದು, ದಿನಾ ಹಕ್ಕಿಯ ತೂಕ ನೋಡಿ.

ಇದು ನಮಗೆ ಹೊಸದೇನಲ್ಲ. ವಿಜಯನಗರ ಆಳಿದ ಸಾಳುವರ ಹೆಸರಿದೆಯಲ್ಲ, ಸಾಳುವ ಅಂದ್ರೆ ಬೇಟೆಯ ಗಿಡುಗವೇ. ಆದರೆ ಈಗ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಗಿಡುಗ ಹಿಡಿಯುವುದು, ಸಾಕುವುದು ಅಪರಾಧ. ದಯವಿಟ್ಟು ಮರಿ ಫೋಟೋ ಕಳಿಸಿ "ಸಾರ್ ಹೇಗೆ ಪಳಗಿಸಲಿ" ಅಂತ ಕೇಳಬೇಡಿ. ಅಬುಧಾಬಿಯಲ್ಲಿ ಗಿಡುಗಕ್ಕೂ ಪಾಸ್‌ಪೋರ್ಟ್ ಇದೆ, ತಮಾಷೆ ಅಲ್ಲ.

ಹೊಸ ಹಕ್ಕಿ ಬಂದರೆ ಮೊದಲು ತಲೆಗೆ ಚರ್ಮದ ಟೋಪಿ. ಅದಕ್ಕೆ ಅಲ್ಲಿ ಬುರ್ಖಾ ಅನ್ನುತ್ತಾರೆ. ಕಣ್ಣು ಮುಚ್ಚಿದರೆ ಹೆದರಿಕೆ ಇಲ್ಲ. ಸಂಜೆ ಕೈಮೇಲೆ ಕೂರಿಸಿಕೊಂಡು ಮಜ್ಲಿಸ್‌ನಲ್ಲಿ, ಅಂದ್ರೆ ಬಂದವರೆಲ್ಲ ಕೂತು ಹರಟುವ ಪಡಸಾಲೆಯಲ್ಲಿ, ಸುಮ್ನೆ ಕೂರಬೇಕು. ಮಾತು, ನಗು, ಟೀವಿ, ಚಹಾ ಲೋಟದ ಸದ್ದು, ಎಲ್ಲ ಅದಕ್ಕೆ ಅಭ್ಯಾಸ ಆಗಬೇಕು. ಆಮೇಲೆ ಟೋಪಿ ತೆಗೆದು ಕೈಮೇಲೆಯೇ ಮಾಂಸ. ಆಮೇಲೆ ಕಾಲಿಗೆ ಉದ್ದ ದಾರ ಕಟ್ಟಿ ಒಂದು ಮಾರು ದೂರದಿಂದ ಕರೆಯುವುದು, ದಿನಾ ದೂರ ಜಾಸ್ತಿ ಮಾಡುತ್ತಾ ಹೋಗುವುದು. ಮತ್ತೆ, ದಿನಾ ತೂಕ.

ನನ್ನ ಮೊದಲ ಚಳಿಗಾಲದ ಕಥೆ ಹೇಳ್ತೀನಿ. ಸೇಕರ್ ಜಾತಿಯ ಹೆಣ್ಣು ಗಿಡುಗ, ಅರಬ್ಬರು ಹುರ್ ಅನ್ನುತ್ತಾರೆ. 1,050 ಗ್ರಾಂ ಇದ್ದರೆ ಕರೆದ ಕೂಡಲೇ ಬರುತ್ತಿತ್ತು. ದಾರ ಬಿಚ್ಚಿ ಹಾರಿಸುವ ಮೊದಲ ದಿನ ಬೆಳಗ್ಗೆ ತಕ್ಕಡಿಯ ಬ್ಯಾಟರಿ ಸತ್ತಿತ್ತು. ಎದೆ ಮುಟ್ಟಿ ನೋಡಿದೆ, ಮೂಳೆಯ ಏಣು ಕೈಗೆ ಸಿಕ್ಕಿತು, ತೂಕ ಸರಿ ಇದೆ ಅಂದುಕೊಂಡೆ. ದೊಡ್ಡ ಜಾಣ ನಾನು! ಹಾರಿತು, ಒಂದು ಸುತ್ತು ಹಾಕಿತು, ಹೋಗಿ ಲೈಟ್ ಕಂಬದ ಮೇಲೆ ಕೂತಿತು. ನಾನು ಕೆಳಗೆ ನಿಂತು, ಹಕ್ಕಿಯನ್ನು ಕರೆಯಲು ದಾರದ ತುದಿಗೆ ರೆಕ್ಕೆ ಕಟ್ಟಿದ ತಿಲ್ವಾ ತಿರುಗಿಸಿದೆ, ತಿರುಗಿಸಿದೆ, ಭುಜ ಬಿದ್ದುಹೋಯ್ತು. ಅದು ಗರಿ ತೀಡಿಕೊಳ್ಳುತ್ತಿತ್ತು. ಯಜಮಾನರು ಒಂದು ಮಾತೂ ಆಡದೆ ಹೊರಟುಹೋದರು, ಬೈದಿದ್ದರೇ ಚೆನ್ನಾಗಿತ್ತು. ಕತ್ತಲಾಯ್ತು. ರಾತ್ರಿಯಿಡೀ ಕಾರಿನಲ್ಲಿ ಕೂತು, ಕಂಬದ ತುದಿಯ ಆ ಕಪ್ಪು ಗಂಟನ್ನೇ ನೋಡುತ್ತಿದ್ದೆ. ಬೆಳಕು ಹರಿಯುವಾಗ ತಿಲ್ವಾ ಎತ್ತಿದೆ ಅಷ್ಟೇ, ಕಲ್ಲು ಬಿದ್ದ ಹಾಗೆ ಬಂತು. ಆಮೇಲೆ ಗೊತ್ತಾಯ್ತು, ಹಾರಿಸುವ ಹಿಂದಿನ ಸಂಜೆ ಜೊತೆಗಾರ ಪ್ರೀತಿಯಿಂದ ಎರಡು ಲಾವುಗೆ ಜಾಸ್ತಿ ತಿನ್ನಿಸಿದ್ದ. ತಕ್ಕಡಿ ಇದ್ದಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು, ಅಲ್ವಾ?

ಅಯ್ಯೋ, ಸಮಯ ಮುಗೀತಂತೆ. ಗಿಡುಗಗಳು 400 ಮೀಟರ್ ಹಾರುವ ಸ್ಪರ್ಧೆ, ಹಕ್ಕಿ ಎಲ್ಲಿದೆ ಅಂತ ತಿಳಿಯಲು ಬಾಲಕ್ಕೆ ಕಟ್ಟುವ ಟ್ರಾನ್ಸ್‌ಮಿಟರ್, ಯಾವುದನ್ನೂ ಹೇಳಲಾಗಲಿಲ್ಲ. ಬುರ್ಖಾ ಕಟ್ಟುವುದೊಂದನ್ನು ಹೇಳಿಬಿಡ್ತೀನಿ. ಒಂದು ಕೈಮೇಲೆ ಹಕ್ಕಿ ಇರುತ್ತೆ, ಹಾಗಾಗಿ ಒಂದು ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಖಾಲಿ ಕೈಯಲ್ಲಿ ಎಳೀಬೇಕು. ನನ್ನ ಮುಂದಿನ ಹಲ್ಲು ಸವೆದಿರುವುದು ಅದಕ್ಕೇ. ನಮಸ್ಕಾರ.